ಹಳೆ ಕಾಗದದ ದಿನ

ನಾಳೆ ಗ್ಯೋಟೋಕುವಿನ ಬೀದಿಗೆ ಹಳೆ ಕಾಗದ ಒಯ್ಯುವ ಲಾರಿ ಬರುತ್ತದೆ. ನಿವೃತ್ತ ಪ್ರೊಫೆಸರ್ ಮೊರಿಟಾ ಈ ಮನೆ ಬಿಟ್ಟು ಚಿಕ್ಕದೊಂದು ಮನೆಗೆ ಹೋಗಲಿದ್ದರು. ಪುಸ್ತಕ ಕಟ್ಟಿಕೊಡಲು ಅವರ ಶಿಷ್ಯೆ ಸ್ಫೂರ್ತಿ ಬಂದಿದ್ದಳು.

ಎರಡು ಮಹಾಯುದ್ಧಗಳ ನಡುವೆ ಸ್ಪೇನಿನಲ್ಲಿ ಕವಿತೆಯನ್ನೂ ಚಿತ್ರವನ್ನೂ ತಲೆಕೆಳಗು ಮಾಡಿದವರ ಪುಸ್ತಕಗಳವು. ಗುಂಡಿಗೂ ಗಡಿಪಾರಿಗೂ ಬಗ್ಗದವರು ಈಗ ರದ್ದಿಯ ಪಾಲು!

"ಲೈಬ್ರರಿಗೆ ಕೊಡಬಹುದಲ್ವಾ, ಸೆನ್ಸೇ?"

"ಕೇಳಿ ನೋಡಿದೆ. ಯಾರಿಗೂ ಬೇಡವಂತೆ," ಎನ್ನುತ್ತಾ ಗುರುಗಳು ಒಳಗೆ ಹೋದರು.

ಅವರೇ ಕಟ್ಟಿಟ್ಟಿದ್ದ ಒಂದು ಕಟ್ಟಿನ ದಾರ ಸಡಿಲವಾಗಿತ್ತು. ಬಿಗಿ ಮಾಡಲು ಬಗ್ಗಿದರೆ, ಆ ಕವಿಗಳ ನಡುವೆ ಕಪ್ಪು ರಟ್ಟಿನ ಅವಳದೇ ಮಹಾಪ್ರಬಂಧ. ಅವರ ಕೈಗೆ ಅವಳು ತಲೆಬಾಗಿ ಕೊಟ್ಟಿದ್ದ ಪ್ರತಿ.

"ಗಂಟು ಬಿಚ್ಚಿಹೋಗಿದೆಯಾ?" ಒಳಗಿನಿಂದಲೇ ಕೇಳಿದರು.

"ಇಲ್ಲ ಸೆನ್ಸೇ," ಎಂದ ಸ್ಫೂರ್ತಿ, ಅವರು ಹಾಕಿದ್ದ ಗಂಟಿನ ಮೇಲೆ ತಾನೇ ಇನ್ನೊಂದು ಗಂಟು ಬಿಗಿದಳು.