ಜೊಂಡಿನೊಳಗೆ ಜಿಂಕೆ ಎಷ್ಟು?

ಇಲ್ಲ ಅನ್ನುವುದು ನಮ್ಮ ಯಜಮಾನರಿಗೆ ಬಾರದ ವಿದ್ಯೆ. ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ, ಹೊಟ್ಟೆ ತಾಳ ಹಾಕುತ್ತಿದ್ದರೂ "ಓ, ಆಯ್ತಲ್ಲ" ಅನ್ನುತ್ತಾರೆ.

ಕೆರೆಯಂಚಿನ ಜೊಂಡು ಕೊಯ್ದು ಚಾಪೆ ಹೆಣೆಯುವ ನಾಲ್ಕು ಮನೆಗಳಲ್ಲಿ ನಮ್ಮದೂ ಒಂದು. ಮೂರು ವರ್ಷದ ಹಿಂದೆ ಅರಣ್ಯ ಇಲಾಖೆಯಿಂದ ಜಿಂಕೆ ಎಣಿಸುವ ಮೇಡಂ ಬಂದು, "ನಿಮ್ಮ ಜೊಂಡಲ್ಲಿ ಎಷ್ಟು ಜಿಂಕೆ ಇರಬಹುದು?" ಎಂದು ಕೇಳಿದರು. ಇವರು ಎದೆಯುಬ್ಬಿಸಿ "ಹತ್ತಕ್ಕೆ ಮೋಸವಿಲ್ಲ" ಎಂದರು. ಉಳಿದ ಮೂರು ಮನೆಯವರು ಬಿಟ್ಟಾರೆಯೇ? ಅವರೂ ಹತ್ತು ಹತ್ತು ಎಂದರು. ಪುಸ್ತಕದಲ್ಲಿ ನಲವತ್ತು ಎಂದು ದಾಖಲಾಯಿತು.

ಈ ವರ್ಷ ಮೇಡಂ ಮತ್ತೆ ಬಂದಾಗ ಮುಖ ಸಪ್ಪಗಿತ್ತು. ಕೈಯಲ್ಲಿ ಜಿಂಕೆ ಹಿಡಿಯಲು ಒಡ್ಡುವ ತಂತಿಯ ಉರುಳೊಂದಿತ್ತು.

"ನಿಮ್ಮ ಜೊಂಡಲ್ಲೇ ಸಿಕ್ತು ಅಮ್ಮ, ಇದು ಮೂರನೇದು. ಕಾವಲಿಗೆ ಒಬ್ಬರನ್ನ ಕೊಡಿ ಅಂದ್ರೆ, ನಮ್ಮ ಮೇಲಿನವರು 'ಅಲ್ಲಿ ನಲವತ್ತಿವೆಯಲ್ಲ, ಏನವಸರ?' ಅಂತಾರೆ."

"ನಲವತ್ತಿಲ್ವಾ ಮತ್ತೆ?" ಎಂದರು ಇವರು.

"ಒಂದೇ ಹಿಂಡು ಅಣ್ಣ. ಬೆಳಿಗ್ಗೆ ನಿಮ್ಮ ಕಡೆ ಮೇಯುತ್ತೆ, ಆಮೇಲೆ ಪಕ್ಕದವರ ಕಡೆ ಹೋಗುತ್ತೆ. ನಾಲ್ಕು ಮನೆಯವರೂ ಅದನ್ನೇ ಎಣಿಸಿದ್ದೀರೇನೋ. ಈ ಸಲ ಒಂದೇ ದಿನ, ಒಂದೇ ಹೊತ್ತಿಗೆ, ನಾಲ್ಕೂ ಕಡೆ ಕೂತು ನೋಡೋಣ."

ಇವರು ನನ್ನನ್ನು ಒಳಗೆ ಕರೆದರು. "ಕಮ್ಮಿ ಇದೆ ಅಂದ್ರೆ ಜೊಂಡಿಗೆ ಬೇಲಿ ಹಾಕ್ತಾರೆ ಕಣೇ. ಆಮೇಲೆ ಗಾಳೀಲಿ ಚಾಪೆ ಹೆಣೀತೀಯಾ?"

ನಾನು ನೆಟ್ಟಗೆ ಹೊರಗೆ ಹೋಗಿ ಕೇಳಿಯೇಬಿಟ್ಟೆ. ಮೇಡಂ ಸಹಿ, ಮುದ್ರೆ ಎಲ್ಲ ಇದ್ದ ಕಾಗದ ತೆಗೆದುಕೊಟ್ಟರು.

"ಮರಿ ಹಾಕೋ ಎರಡು ತಿಂಗಳು ಆ ತುದೀಲಿ ಕೊಯ್ಯಬೇಡಿ, ಅಷ್ಟೇ. ಬೇಲಿ ಇಲ್ಲ, ಉಳಿದದ್ದು ಮೊದಲಿನ ಹಾಗೇ ಅಂತ ಇದರಲ್ಲೇ ಬರೆದಿದೆ."

ನಾನು ಅದನ್ನು ಇವರಿಗೆ ಕೇಳುವಂತೆ ಎರಡು ಸಲ ಗಟ್ಟಿಯಾಗಿ ಓದಿದೆ.

ಎಣಿಕೆಯ ದಿನ ಬೆಳಕು ಹರಿಯುವ ಹೊತ್ತಿಗೇ ನಾವಿಬ್ಬರೂ ಜೊಂಡಿನ ಅಂಚಿನಲ್ಲಿ ಕೂತೆವು. ಸೊಳ್ಳೆ ಕಚ್ಚಿದರೂ ಕೈ ಆಡಿಸುವಂತಿರಲಿಲ್ಲ. ಒಂಬತ್ತು ಗಂಟೆಯಾದರೂ ಒಂದು ಬಾಲವೂ ಕಾಣಲಿಲ್ಲ. ಮೇಡಂ ಬಂದು ಪುಸ್ತಕ ಚಾಚಿದರು. ಇವರು ಪೆನ್ನು ಹಿಡಿದು ಹಾಗೇ ಕೂತರು.

"ಒಂದೂ ಕಾಣಲಿಲ್ಲ ಅಂತ ಹೇಗೆ ಬರೀಲಿ? ನಗಲ್ವಾ ಜನ?"

"ಕಾಣಲಿಲ್ಲ ಅನ್ನೋದೂ ಉತ್ತರಾನೇ ಅಣ್ಣ. ಎಲ್ಲೆಲ್ಲಿ ಇಲ್ಲ ಅಂತ ಗೊತ್ತಾದ್ರೆ ತಾನೇ ಎಷ್ಟು ಉಳಿದಿವೆ ಅಂತ ತಿಳಿಯೋದು?"

"ರೀ, ನಿಮ್ಮ ಮರ್ಯಾದೆಗೆ ಜಿಂಕೆ ಯಾಕೆ ಸಾಯಬೇಕು?" ಎಂದೆ ನಾನು.

ಇವರು ಸೊನ್ನೆ ಬರೆದರು. ಮದುವೆಯಾಗಿ ಇಷ್ಟು ವರ್ಷವಾಯಿತು, ಅವತ್ತಿನಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಪಕ್ಕದ ಮನೆಯವರಿಗೆ ಆರು ಕಂಡಿದ್ದವು. ಉಳಿದ ಇಬ್ಬರಿಗೆ ಒಂದೂ ಇಲ್ಲ. ನಲವತ್ತು ಎಂದು ಬೀಗಿದ್ದ ಕಡೆ ಬರೀ ಆರು.

ಬೇರೆ ಜೌಗು ಪ್ರದೇಶಗಳಲ್ಲೂ ಎಣಿಕೆ ಆಯಿತು. ಮೊದಲಿಗಿಂತ ಎಷ್ಟು ಕಡಿಮೆಯಾಗಿವೆ, ಅವಕ್ಕೆ ಇರಲು ಎಷ್ಟು ಜಾಗ ಉಳಿದಿದೆ ಎಂಬುದನ್ನೆಲ್ಲ ನೋಡಿ, ಜೌಗಲ್ಲೇ ಬಾಳುವ ಈ ಜಾತಿಯ ಜಿಂಕೆಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ನಮ್ಮ ಜೊಂಡಿಗೆ ಕಾವಲುಗಾರ ಬಂದ. ದಿನಾ ಸುತ್ತಿ, ಸಿಕ್ಕ ಉರುಳನ್ನೆಲ್ಲ ಕಿತ್ತು ಹಾಕುತ್ತಾನೆ. ಕಾಗದದಲ್ಲಿದ್ದಂತೆ ನಮ್ಮ ಕೊಯ್ಲಿಗೂ ಯಾರೂ ಅಡ್ಡ ಬರಲಿಲ್ಲ.

ಮೊನ್ನೆ ಇವರು ಜೊಂಡಿನಿಂದ ಓಡೋಡಿ ಬಂದರು. "ಆರಲ್ಲ, ಈಗ ಏಳು ಕಣೇ! ತಾಯಿ ಪಕ್ಕ ಇಷ್ಟುದ್ದ ಮರಿ!" ಕಣ್ಣಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ. ಆ ಪುಸ್ತಕ ಹಿಡಿದು ಎರಡನೆಯ ಸಲವೂ ನಮ್ಮ ಬಾಗಿಲಿಗೆ ಬಂದ ಮೇಡಂಗೆ ಮನಸ್ಸಿನಲ್ಲೇ ಕೈಮುಗಿದೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಎಣಿಸುವವರು ಬರಬಹುದು. ಕೂರಿಸಿ, ಕುಡಿಯಲು ನೀರು ಕೊಡಿ. ಯಾವತ್ತು, ಎಲ್ಲಿ, ಎಷ್ಟು ಕಂಡಿರೋ ಅಷ್ಟನ್ನೇ ಹೇಳಿ. ಕಾಣದಿದ್ದರೆ ನಾಚಿಕೆಯಿಲ್ಲದೆ ಕಾಣಲಿಲ್ಲ ಎನ್ನಿ. ಉರುಳು ಕಂಡರೆ ಅವತ್ತೇ ತಿಳಿಸಿ. ಆ ಮರಿಗೆ ಮಾತು ಬರುವುದಿಲ್ಲ. ಅದರ ಪರವಾಗಿ ನಿಮಗೆ ಈಗಲೇ ಹೇಳಿಬಿಡುತ್ತೇನೆ, ನಿಮ್ಮಿಂದ ದೊಡ್ಡ ಉಪಕಾರವಾಯಿತು.