ಹಸಿರು ಚುಕ್ಕಿಯ ಸಾಬೂನು

ಹನ್ನೊಂದು ವರ್ಷ, ತಿಂಗಳ ಮೊದಲ ರವಿವಾರ ಅಕ್ಕಾತಾಯಿ ಮತ್ತು ಭರಮವ್ವ ಬೆಳಗಾವಿಯ ಅಂಗಡಿಕಾರರ ತಲೆ ತಿಂದಿದ್ದರು. ಶಿವಬಸವ ನಗರದಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ ಇಬ್ಬರದೂ. ಅಕ್ಕಾತಾಯಿ ಎಸಿ ಹಾಕಿದ ದೊಡ್ಡ ಸ್ಟೋರಿಗೆ ಹೋಗಬೇಕು, ಭರಮವ್ವ ಪೇಟೆ ಓಣಿಯ ಡಿಸ್ಕೌಂಟ್ ಅಂಗಡಿಗೆ. ಇಬ್ಬರ ಕಿವಿಯಲ್ಲೂ ಫೋನು. ಸಾಬೂನು, ಶಾಂಪೂ, ಪೇಸ್ಟು ಒಂದೊಂದೇ ಎತ್ತಿ ರೇಟು ಓದುವುದು. ಎಲ್ಲಿ ಕಡಿಮೆಯೋ ಅಲ್ಲಿದ್ದವಳು ಇಬ್ಬರಿಗೂ ಕೊಳ್ಳುವುದು. "ರೇಟ್ ಅಷ್ಟ ನೋಡಬ್ಯಾಡಕ್ಕ, ಗ್ರಾಂ ನೋಡು. ಒಂದ್ ಫ್ರೀ ಅಂತ ಹೇಳಿ ಸಾಬೂನ ಸಣ್ಣ ಮಾಡಿರ್ತಾರ ಸುಡುಗಾಡಿನವರು," ಎಂದು ಭರಮವ್ವ ಬೈಯುತ್ತಿದ್ದಳು. ಉಳಿಯುತ್ತಿದ್ದುದು ಮೂವತ್ತೋ ನಲವತ್ತೋ ರೂಪಾಯಿ. ಅದೂ ಇಬ್ಬರೂ ಕೂಡಿ ಕುಂದಾ ತಿನ್ನುವುದರಲ್ಲಿ ಮುಗಿಯುತ್ತಿತ್ತು.

ಹಾಳಾದ್ದು ಆ ಆರು ಸಾಬೂನಿನ ಪ್ಯಾಕು! ಅಕ್ಕಾತಾಯಿ ಜೈನರ ಮನೆಯಾಕೆ. ಉಳ್ಳಾಗಡ್ಡಿ ಮುಟ್ಟುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಪ್ರಾಣಿಯ ಕೊಬ್ಬಿನ ಸಾಬೂನು ಅವರ ಬಚ್ಚಲಿಗೆ ಬರುವಂತಿಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇರಬೇಕು, ಕೆಂಪು ಇದ್ದರೆ ಹೊರಗೆ. ಭರಮವ್ವನಿಗೆ ಅದು ಗೊತ್ತಿತ್ತು, ಆದರೆ ಅರ್ಧ ಬೆಲೆ ಕಂಡ ಖುಷಿಯಲ್ಲಿ ಚುಕ್ಕಿ ನೋಡದೇ ಇಬ್ಬರಿಗೂ ಕೊಂಡುಬಿಟ್ಟಳು. ಹತ್ತು ದಿನದ ವ್ರತದ ದಶಲಕ್ಷಣ ಪರ್ವದಲ್ಲಿ ಮೂರು ದಿನ ಅದರಲ್ಲೇ ಮಿಂದು ಬಸದಿಗೂ ಹೋಗಿ ಬಂದ ಮೇಲೆ ಅಕ್ಕಾತಾಯಿಯ ಕಣ್ಣಿಗೆ ಕೆಂಪು ಚುಕ್ಕಿ ಬಿತ್ತು. ಓಣಿಯವರೆಲ್ಲ ಕೇಳುವಂತೆ ಕೂಗಿದಳು: "ನಾಲ್ಕ್ ರೂಪಾಯಿ ಆಸೇಕ್ಕ ನನ್ನ ವ್ರತ ಕೆಡಿಸಿದೆಲ್ಲಾ!" ಮರುವಾರವೇ ಭರಮವ್ವನ ಗಂಡನಿಗೆ ಖಾನಾಪುರಕ್ಕೆ ವರ್ಗವಾಯಿತು. ಹೇಳದೇ ಹೋದಳು.

ಎಂಟು ತಿಂಗಳಾಯಿತು. ಖಾನಾಪುರವೇನು ಕಾಶಿಯೇ? ಒಂದು ತಾಸಿನ ದಾರಿ, ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ಆದರೆ ಹಾಗೆ ಕೂಗಾಡಿದ ಮೇಲೆ ಯಾವ ಮುಖ ಹೊತ್ತು ಹೋಗುವುದು? ಗೋಡೆಯಾಚೆ ಹೊಸ ಬಾಡಿಗೆಯವರ ಪಾತ್ರೆ ಸದ್ದಾದರೂ ಅಕ್ಕಾತಾಯಿಯ ಕಿವಿ ನಿಮಿರುತ್ತಿತ್ತು. ಅವಳಿಗೆ ಭರಮವ್ವ ಬೇಕಾಗಿದ್ದಳು, ಅಷ್ಟೇ. ಫೋನಾದರೂ ಮಾಡು ಎಂದು ಹೇಳಿ ಹೇಳಿ ಗಂಡ ನೇಮಣ್ಣನೂ ಸುಸ್ತಾಗಿದ್ದ.

ಈ ರವಿವಾರ ಸ್ಟೋರಿನಲ್ಲಿ ಸಾಬೂನಿನ ಸಾಲಿನ ಮುಂದೆ ನಿಂತವಳು ರೂಢಿಯಂತೆ ಫೋನು ಕಿವಿಗೆ ಹಿಡಿದಳು. ಆ ಕಡೆ ಯಾರೂ ಇರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು, ಕೊನೆಗೆ ಆದದ್ದಾಗಲಿ ಎಂದು ನಂಬರು ಒತ್ತಿಯೇಬಿಟ್ಟಳು.

"ಹಲೋ," ಎಂದಿತು ಅದೇ ಧ್ವನಿ.

ಎಂಟು ತಿಂಗಳು ಹೊಂದಿಸಿಟ್ಟ ಮಾತೆಲ್ಲ ಬಿಟ್ಟು ಅಕ್ಕಾತಾಯಿ ರೇಟು ಕೇಳಿದಳು: "ಚಂದನದ ಸಾಬೂನು... ನಾಲ್ಕರ ಪ್ಯಾಕು... ಅಲ್ಲಿ ಎಷ್ಟೈತಿ?"

ಆ ಕಡೆ ಬಾಗಿಲ ಚಿಲಕ ಸರಿದ ಸದ್ದಾಯಿತು.

"ತಡಿ, ಚಪ್ಪಲ್ ಮೆಟ್ಕೋತೀನಿ. ಫೋನ್ ಇಡಬ್ಯಾಡ."

ಅಕ್ಕಾತಾಯಿ ಇಡಲಿಲ್ಲ. ಖಾನಾಪುರದ ಪೇಟೆ ಕಿವಿಗೆ ಬಿತ್ತು: ಟಂಟಂ ಆಟೋದ ಹಾರ್ನು, ಯಾರದೋ ಮರಾಠಿ ಜಗಳ, ಭರಮವ್ವನ ಏದುಸಿರು.

"ಒಂದನೂರಾ ಐವತ್ತೆರಡು. ಒಂದೊಂದು ನೂರಾ ಇಪ್ಪತ್ತೈದು ಗ್ರಾಂ." ಸ್ವಲ್ಪ ತಡೆದು ಭರಮವ್ವ ಮತ್ತೆ ಹೇಳಿದಳು: "ಹಸಿರು ಚುಕ್ಕಿ ಐತಕ್ಕ. ಮೂರ್ ಸಲ ನೋಡೀನಿ. ಅಂಗಡಿಯವಗೂ ತೋರ್ಸಿ ಕೇಳೀನಿ."

"ಚುಕ್ಕಿ ಮಣ್ಣಾಗ ಹೋಗ್ಲಿ! ನಾ ಆಡಿದ್ದ ತಪ್ಪಾತು, ಭರಮಿ."

ಅಕ್ಕಾತಾಯಿಯ ಕೈಯಲ್ಲಿದ್ದ ಪ್ಯಾಕು ಅಷ್ಟೇ ಗ್ರಾಂನದು, ನೂರಾ ನಲವತ್ತೊಂದು ರೂಪಾಯಿ. "ಇಲ್ಲಿ ಭಾಳ ತುಟ್ಟಿ ಐತಿ ನೋಡು," ಎಂದಳು ವ್ರತದ ಹೆಂಗಸು, ಹಾಡಹಗಲೇ. "ನನಗೂ ಒಂದ್ ತಗದಿಡು. ಈಗ ಬಸ್ ಹತ್ತತೀನಿ."

"ಲಗೂನ ಬಾ. ಹೊತ್ತ ಮುಳಗೂದ್ರಾಗ ನಿನಗ ಉಣ್ಣಾಕ ಹಾಕಬೇಕು," ಎಂದಳು ಭರಮವ್ವ. "ಪಲ್ಯಕ್ಕ ಉಳ್ಳಾಗಡ್ಡಿ ಹಾಕಂಗಿಲ್ಲ."