ಹಳೆ ಹಗ್ಗದ ಹರಿಗೋಲು

ದುರುಗಣ್ಣನಿಗೆ ಹೊಳೆಯ ಮೇಲೆ ವಯಸ್ಸಾಗಿರಲಿಲ್ಲ, ನೆಲದ ಮೇಲೆ ಮಾತ್ರ ಆಗಿತ್ತು. ಹರಿಗೋಲಿನಲ್ಲಿ ಕೂತು ಹುಟ್ಟು ಹಿಡಿದನೆಂದರೆ ತುಂಗಭದ್ರೆಯ ಯಾವ ಸುಳಿಗೂ ಅವನು ಜಗ್ಗುತ್ತಿರಲಿಲ್ಲ. ದಡಕ್ಕೆ ಬಂದರೆ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ತಲೆಗೆ ರುಮಾಲು ಸುತ್ತಲು ಎಡಗೈಯೊಂದೇ ಗತಿ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಎರ್ರೆಮ್ಮನಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು, ಆ ಮಾತು ಬೇರೆ.

ಸಾವಿರದ ಒಂಬೈನೂರ ಎಂಬತ್ತರ ಸುಮಾರಿನ ಮಾತಿದು. ಹೊಳಲು ಊರಿನ ಕಡೆಯ ಆ ದಡಕ್ಕೆ ಸೇತುವೆ ಇರಲಿಲ್ಲ. ಸಂತೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಸಾವಿಗೆ ಹೋಗುವವರು, ಎಲ್ಲರೂ ಹರಿಗೋಲನ್ನೇ ಹತ್ತಬೇಕು. ಹರಿಗೋಲಿನವರಲ್ಲಿ ಒಂದು ಕಟ್ಟಳೆಯಿತ್ತು. ಮುಂಗಾರಿನ ಹೊಸ ನೀರು ಬಂದ ದಿನ ಪ್ರತಿಯೊಬ್ಬನೂ ತನ್ನ ಹರಿಗೋಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತು, ಮನೆಯಿಂದ ನೀರಿನವರೆಗೆ ತರಬೇಕು. ದಡದಲ್ಲಿ ಹಿರಿಯನಾದ ಜೋಗಪ್ಪ ನಿಂತು, ‘ಯಾರ ಹರಿಗೋಲು?’ ಎಂದು ಕೇಳುತ್ತಾನೆ. ಒಳಗಿನಿಂದ ಹೆಸರು ಕೂಗಬೇಕು. ಕೂಗಿದ ಹೆಸರಿಗೆ ಆ ವರ್ಷ ಜನರನ್ನು ದಾಟಿಸುವ ಪಾಳಿ. ಹೊತ್ತು ತರಲಾರದವನು ಇನ್ನೊಬ್ಬರ ಹರಿಗೋಲಿನಲ್ಲಿ ಆಳಾಗಿ ಹುಟ್ಟು ಹಾಕಬಹುದು, ಇಲ್ಲವೇ ದಡದಲ್ಲಿ ಕೂತು ಬೀಡಿ ಸೇದಬಹುದು.

‘ಆಳಾಗಾದಕ್ಕಿಂತ ಹೊಳಿಗೆ ಬೀಳಾದು ಚಲೋ’ ಎಂದು ದುರುಗಣ್ಣ ಊರ ತುಂಬ ಹೇಳಿಕೊಂಡು ತಿರುಗಿದವನು. ಹರೆಯದಲ್ಲಿ ಅಂಥ ಮಾತು ಆಡುವುದು ಸುಲಭ.

ಹಳೆಯ ಹರಿಗೋಲಿನ ತಳ ಬೇಸಿಗೆಯಲ್ಲಿ ಬಂಡೆಗೆ ಬಡಿದು ಹೋಯಿತು. ಹೊಸದನ್ನು ಹೇಳಿ ಮಾಡಿಸಲು ಅವನು ಇಟ್ಟಿಗಿಯ ಮೇದಾರ ಗಾದೆಪ್ಪನಲ್ಲಿಗೆ ಹೋದ. ಗಾದೆಪ್ಪ ಬೇವಿನ ನೆರಳಲ್ಲಿ ಬಿದಿರು ಸೀಳುತ್ತಿದ್ದ.

“ಕೈ ಚಾಚ್ರಿ ದುರುಗಣ್ಣ, ಅಳತಿ ತಗೊಂತೀನಿ” ಎಂದು ಎದ್ದ.

ನಡೆಸುವವನ ಮೈಯೇ ಹರಿಗೋಲಿಗೆ ಅಳತೆ. ಎರಡೂ ಕೈ ಚಾಚಿ ನಿಂತರೆ ಈ ಬೆರಳಿನ ತುದಿಯಿಂದ ಆ ಬೆರಳಿನ ತುದಿಗೆ ಒಂದು ಮಾರು, ಅದರ ಮೇಲೊಂದು ಮೊಳ, ಅಷ್ಟು ಅಗಲ. ದುರುಗಣ್ಣ ಕೈ ಚಾಚಲಿಲ್ಲ. ಸೊಂಟದಿಂದ ಒಂದು ಹಗ್ಗ ತೆಗೆದ. ಅವನ ಮದುವೆಯ ವರ್ಷ ಗಾದೆಪ್ಪನ ಅಪ್ಪ ಅಳೆದು ಗಂಟು ಹಾಕಿಕೊಟ್ಟ ಹಗ್ಗ ಅದು.

“ಇದ್ರಾಗ ಐತಿ ಅಳತಿ.”

“ಹಳೇದಲ್ರಿ ಇದು?”

“ಹಗ್ಗಕ್ಕೇನು ವಯಸ್ಸಾಕ್ಕೈತೇನಲೇ?”

“ಹಗ್ಗಕ್ಕ ಆಗಂಗಿಲ್ಲ ಬಿಡ್ರಿ” ಎಂದು ಗಾದೆಪ್ಪ ಅವನ ಬಲಭುಜ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: “ಒಂದು ಗೇಣು ಸಣ್ಣದು ಮಾಡ್ಲೇನು? ಈಗ ತೊಗಲು ಯಾರು ಹಾಕಸ್ತಾರ? ಎಲ್ಲಾರೂ ಗೊಬ್ಬರದ ಚೀಲ ಹೊಲಿಸಿ ಡಾಂಬರು ಬಳಿಸ್ತಾರ. ಹಗುರಾಕ್ಕೈತಿ. ಭುಜಕ್ಕ ಚಲೋ.”

“ಯಾರ ಭುಜಕ್ಕ?”

ಗಾದೆಪ್ಪ ಮತ್ತೆ ಬಿದಿರಿನ ಕಡೆ ತಿರುಗಿದ.

“ಎಮ್ಮಿ ತೊಗಲು ಹಾಕು. ಬಿದಿರ ದಬ್ಬಿ ದಪ್ಪ ಇರ್ಲಿ. ಅಗಲ ಹಗ್ಗದ ಅಳತಿ. ತಿಳೀತಿಲ್ಲೋ?” ಎಂದು ಗದರಿಸಿ ದುರುಗಣ್ಣ ಹೊರಟುಬಂದ. ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೇ ಸಿಟ್ಟು. ಸಣ್ಣದು ಹೇಳಿದ್ದರೆ ಹೊರಬಹುದಿತ್ತು. ಆದರೆ ಸಣ್ಣದು ಹೇಳಿದ ದಿನವೇ ಅದು ಇಟ್ಟಿಗಿಯಿಂದ ಹಡಗಲಿಯವರೆಗೆ ಸುದ್ದಿಯಾಗುತ್ತಿತ್ತು ಎಂಬುದು ಅವನ ಲೆಕ್ಕ. ಊರಿಗೆ ಅವನ ಭುಜದ ಹೊರತು ಬೇರೆ ಚಿಂತೆಯೇ ಇಲ್ಲವೆಂದು ತಿಳಿದಿದ್ದ, ಪಾಪ.

ಹರಿಗೋಲು ಚಕ್ಕಡಿಯಲ್ಲಿ ಬಂತು. ನೋಡಿದವರು ಬಾಯಿ ತುಂಬ ಹೊಗಳಿದರು. ದುರುಗಣ್ಣ ಹಿತ್ತಲ ಬಾಗಿಲು ಹಾಕಿಕೊಂಡು ಹರಿಗೋಲಿನ ಕೆಳಗೆ ಮಂಡಿಯೂರಿ ನುಗ್ಗಿದ. ಮೇಲೇಳುವುದೇನೋ ಎದ್ದ. ಅಂಚು ಹಿಡಿಯಲು ಬಲಗೈ ಏಳಲಿಲ್ಲ. ಹರಿಗೋಲು ವಾಲಿ ನೆಲಕ್ಕೆ ಬಿತ್ತು, ಅದರೊಂದಿಗೆ ಅವನೂ ಬಿದ್ದ. ಮತ್ತೆ ಎದ್ದ, ಮತ್ತೆ ಬಿದ್ದ. ಕೊನೆಗೆ ಅದರ ಕೆಳಗೇ ಕತ್ತಲಲ್ಲಿ ಕೂತು ಅತ್ತ. ಒಲೆಯ ಮುಂದೆ ಕೂತಿದ್ದ ಎರ್ರೆಮ್ಮನಿಗೆ ಅದು ಕೇಳಿಸಿತು. ಅವಳು ಏಳಲಿಲ್ಲ, ರೊಟ್ಟಿ ಬಡಿಯುವ ಸದ್ದನ್ನು ಮಾತ್ರ ಜೋರು ಮಾಡಿದಳು.

ಮರುದಿನ ಅವನು ಮತ್ತೆ ಇಟ್ಟಿಗಿಗೆ ಓಡಿದ. ಈ ಸಲ ಗದರಿಕೆ ಇರಲಿಲ್ಲ.

“ಗಾದೆಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಗೇಣು ಕಡಿಮಿ ಮಾಡಿ ಕೊಡು.”

“ಹೆಣೆದ ಮ್ಯಾಲ ಸಣ್ಣದು ಮಾಡಾಕ ಬರಂಗಿಲ್ರಿ. ಅಂಚು ಕೊಯ್ದ್ರ ಪೂರಾ ಬಿಚ್ಚಿಕೊಂತೈತಿ. ಹೊಸದು ಹೆಣೀಬೇಕು.”

“ಹೆಣಿ ಮತ್ತ!”

“ಮ್ಯಾಲ ಮಲೆನಾಡಾಗ ಮಳಿ ಬಿದ್ದೈತಂತ ದುರುಗಣ್ಣ. ನೀರು ಇವತ್ತೋ ನಾಳೆನೋ ಬರ್ತೈತಿ” ಎಂದ ಗಾದೆಪ್ಪ. ಅವನ ದನಿಯಲ್ಲಿ ಕನಿಕರವಿತ್ತು. ದುರುಗಣ್ಣನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ, ಹೇಳದೆ ಕೇಳದೆ ಎದ್ದು ಬಂದ.

ನೀರು ಬಂದೇ ಬಂತು. ಬೆಳಗಾಗುವಷ್ಟರಲ್ಲಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಊರೆಲ್ಲ ದಡದಲ್ಲಿ. ಒಂದೊಂದೇ ಹರಿಗೋಲು ಇಳಿಯುತ್ತಿತ್ತು, ಹೆಸರು ಕೂಗುವುದು ಹಿತ್ತಲವರೆಗೂ ಕೇಳುತ್ತಿತ್ತು. ದುರುಗಣ್ಣ ಹರಿಗೋಲಿಗೆ ಒಂದು ಸುತ್ತು ಹಾಕಿದ. ಮೈಯಲ್ಲಿ ಹುಷಾರಿಲ್ಲ ಎಂದುಬಿಡಲೇ? ಯಾರು ನಂಬುತ್ತಾರೆ? ಆದದ್ದಾಗಲಿ ಎಂದು ಹರಿಗೋಲಿನ ಕೆಳಗೆ ನುಗ್ಗಿ ಮಂಡಿಯೂರಿದ. ಏಳಲು ಧೈರ್ಯ ಸಾಲದೆ ಹಾಗೇ ಕೂತ.

ಅಂಚು ಒಂದು ಕಡೆ ಎದ್ದಿತು. ಬೆಳಕಿನೊಂದಿಗೆ ಎರಡು ಪಾದ ಒಳಗೆ ಬಂದವು, ಕಾಲುಂಗುರದ ಪಾದಗಳು.

“ಏಳ್ರಿ” ಎಂದಳು ಎರ್ರೆಮ್ಮ.

“ಹುಚ್ಚು ಹಿಡಿದೈತೇನಲೇ? ಮಂದಿ ನೋಡ್ತಾರ!”

“ಮಂದಿಗೆ ಹರಿಗೋಲು ಕಾಣ್ತೈತಿ. ಏಳ್ರಿ ಅಂದೆ.”

ಎದ್ದರು. ಹರಿಗೋಲೂ ಎದ್ದಿತು. ಅವನು ಮುಂದೆ, ಅವಳು ಹಿಂದೆ, ಹಿತ್ತಲು ದಾಟಿ ಓಣಿಗೆ ಬಿದ್ದರು. ದುರುಗಣ್ಣನಿಗೆ ಆಶ್ಚರ್ಯ. ಭಾರವೇ ಇಲ್ಲ! ಎಡಗೈಯಲ್ಲಿ ಅಂಚು ಹಿಡಿದಿದ್ದ, ಹರಿಗೋಲು ಅಲ್ಲಾಡದೆ ಸಾಗುತ್ತಿತ್ತು. ‘ಇನ್ನೂ ಐತಿ ನನ್ನೊಳಗ’ ಎಂದು ಎದೆ ಉಬ್ಬಿತು. ಇವಳು ಬಂದದ್ದು ಬರೀ ಧೈರ್ಯಕ್ಕೆ, ಹೊರುತ್ತಿರುವವನು ತಾನೇ ಎನಿಸಿತು. ಓಣಿಯ ಅರ್ಧದವರೆಗೆ ಅವನಷ್ಟು ಸುಖಿ ಹೊಳೆದಂಡೆಯಲ್ಲಿ ಯಾರೂ ಇರಲಿಲ್ಲ.

ರುಮಾಲು ಸಡಿಲಾಯಿತು. ಸರಿಮಾಡಿಕೊಳ್ಳಲು ಎಡಗೈ ಬಿಟ್ಟ. ತಲೆಗೂ ಹರಿಗೋಲಿಗೂ ನಡುವೆ ಕೈ ಸಲೀಸಾಗಿ ಆಡಿತು. ಅವನ ತಲೆಗೆ ಅದು ತಾಗಿಯೇ ಇರಲಿಲ್ಲ.

ಎರ್ರೆಮ್ಮ ಅವನಿಗಿಂತ ಒಂದು ಗೇಣು ಎತ್ತರ. ಮದುವೆಯಲ್ಲಿ ತಾಳಿ ಕಟ್ಟಲು ಅವನನ್ನು ಮಣೆಯ ಮೇಲೆ ನಿಲ್ಲಿಸಿ ಜನ ನಕ್ಕಿದ್ದರು. ಅಷ್ಟು ವರ್ಷ ನೀರು, ಕಟ್ಟಿಗೆ, ಮರಳು ಹೊತ್ತ ತಲೆ ಅವಳದು. ಹಿಂದಿನಿಂದ ಅವಳ ಉಸಿರು ಕೇಳುತ್ತಿತ್ತು. ಒಂದೊಂದು ಹೆಜ್ಜೆಗೂ ಅದು ಸಿಳ್ಳೆಯಂತೆ ಹೊರಬರುತ್ತಿತ್ತು.

“ಎಲೇ, ಇಳಸು” ಎಂದ.

“ಸುಮ್ನ ನಡೀರಿ.”

ದಡದ ಗದ್ದಲ ಹತ್ತಿರವಾಯಿತು, ಆಮೇಲೆ ಒಮ್ಮೆಗೇ ನಿಂತಿತು. ಹರಿಗೋಲಿನ ಕೆಳಗೆ ನಾಲ್ಕು ಕಾಲು ಎಲ್ಲರಿಗೂ ಕಾಣುತ್ತಿದ್ದವು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಕಾಲಿಗೆ ನೀರು ತಾಗಿತು.

ಜೋಗಪ್ಪ ಕಟ್ಟಳೆಯಂತೆ ಕೇಳಿದ: “ಯಾರ ಹರಿಗೋಲು?”

“ಕೂಗ್ರಿ” ಎಂದು ಎರ್ರೆಮ್ಮ ಬೆನ್ನಿಗೆ ತಿವಿದಳು. “ನಿಮ್ಮ ಹೆಸರು ಕೂಗ್ರಿ. ಕುತ್ತಿಗಿ ಮುರೀತೈತಿ ನಂದು.”

ದುರುಗಣ್ಣ ಕಣ್ಣು ಮುಚ್ಚಿದ. ಹೆಂಡತಿಯ ಹೆಸರನ್ನು ಜನರ ಮುಂದೆ ಒಮ್ಮೆಯೂ ಬಾಯಿಬಿಟ್ಟು ಕರೆದವನಲ್ಲ ಅವನು.

“ಎರ್ರೆಮ್ಮಂದು!” ಎಂದು ಕೂಗಿದ.

ಒಳಗೆ ಅವಳು ಅಳತೊಡಗಿದಳು.

“ಯಾಕ್ರಿ ಹಂಗಂದ್ರಿ? ನಿಮ್ಮ ಪಾಳಿ ಹೋತಲ್ರಿ! ನಂಗ ಹುಟ್ಟು ಹಾಕಾಕ ಬರಂಗಿಲ್ಲ...”

“ನಂಗ ಬರ್ತೈತಿ” ಎಂದ ದುರುಗಣ್ಣ. “ನಿನ್ನ ಹರಿಗೋಲಿಗೆ ಆಳು ಬೇಕೇನು, ಹೇಳು.”